ತುಳಸಿಗೆ ತಿಗಣೆ, ಕರಿಬೇವಿಗೆ ಹುಳು: ಔಷಧ ಹೊಡೆಯುವ ಮುನ್ನ

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ):
ನಮಸ್ಕಾರ ಮೇಡಂ. ನಮ್ಮ ಅಂಗಳದ ತುಳಸಿಯ ತುದಿ ಎಲೆಗಳು ಮುದುಡಿ, ಕಂದು ಬಣ್ಣಕ್ಕೆ ತಿರುಗಿ ಒಣಗುತ್ತಿವೆ. ಎಲೆಯ ಅಡಿಯಲ್ಲಿ ಕರಿ ಚುಕ್ಕೆಗಳಿದ್ದು, ಅವುಗಳಲ್ಲಿ ಕೆಲವು ಹರಿದಾಡುತ್ತವೆ. ಹಿತ್ತಲಿನ ಕರಿಬೇವಿನ ಚಿಗುರನ್ನು ಹಸಿರು ಹುಳುಗಳು ತಿಂದುಹಾಕಿವೆ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನೇ ಸಿಂಪಡಿಸೋಣವೆಂದು ನಮ್ಮ ಮನೆಯವರು ಹೇಳುತ್ತಾರೆ. ಮಕ್ಕಳಿಗೆ ಕೆಮ್ಮು ಬಂದಾಗ ಇದೇ ತುಳಸಿಯ ರಸ ಕೊಡುವುದರಿಂದ ನನಗೆ ಧೈರ್ಯ ಬರುತ್ತಿಲ್ಲ. ಏನು ಮಾಡಬಹುದು?

ಉತ್ತರ (ಕೀಟಶಾಸ್ತ್ರಜ್ಞೆ):
ನಮಸ್ಕಾರ. ತಾವು ಕೈ ತಡೆದದ್ದು ಒಳ್ಳೆಯದಾಯಿತು. ಮೈಲುತುತ್ತ ಮತ್ತು ಸುಣ್ಣದಿಂದ ಮಾಡುವ ಬೋರ್ಡೋ ದ್ರಾವಣ ಕೊಳೆರೋಗವನ್ನು ತಡೆಯುವುದಕ್ಕೇ ಹೊರತು ಕೀಟಗಳನ್ನು ಕೊಲ್ಲುವುದಕ್ಕಲ್ಲ; ತಯಾರಿಸಿದ ದಿನವೇ ಬಳಸಬೇಕಾದ ಆ ದ್ರಾವಣವನ್ನು ತುಳಸಿಗೆ ಹೊಡೆದರೆ ತಿಗಣೆ ಹಾಗೆಯೇ ಉಳಿದು, ತಾಮ್ರ ಮಾತ್ರ ತಿನ್ನುವ ಎಲೆಯ ಮೇಲೆ ಕೂರುತ್ತದೆ.

ತಮ್ಮ ವಿವರಣೆಯಿಂದ ಇದು ತುಳಸಿ ಮತ್ತು ಕಾಮಕಸ್ತೂರಿಗಳನ್ನು ಕಾಡುವ, ಜಾಲರಿಯಂತಹ ರೆಕ್ಕೆಯ ಪುಟ್ಟ ತಿಗಣೆ ಎಂದು ತೋರುತ್ತದೆ. ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ಈ ಕೀಟ ಎಲೆಯ ಅಡಿಭಾಗದಲ್ಲಿ ಗುಂಪಾಗಿ ಕುಳಿತು ರಸ ಹೀರುತ್ತದೆ; ಅಲುಗಾಡದ ಕರಿ ಚುಕ್ಕೆಗಳು ಅದರ ಹಿಕ್ಕೆ. ಮೊದಲು ಮುದುಡಿದ ತುದಿಗಳನ್ನೆಲ್ಲ ಕತ್ತರಿಸಿ ಸೋಪಿನ ನೀರಿನಲ್ಲಿ ಮುಳುಗಿಸಿ, ಬುಡದಲ್ಲಿ ಮಾತ್ರ ಬಿಸಾಡಬೇಡಿ. ಅನಂತರ ಎಲೆಗಳ ಅಡಿಗೆ ತಾಗುವಂತೆ ರಭಸವಾಗಿ ನೀರು ಹಾಯಿಸಿ. ಗಿಡ ಚಿಕ್ಕದಾಗಿದ್ದರೆ ಬಹುಪಾಲು ಕೆಲಸ ಇಷ್ಟರಲ್ಲೇ ಮುಗಿಯುತ್ತದೆ.

ಆದರೂ ಹತೋಟಿಗೆ ಬಾರದಿದ್ದರೆ, 1 ಲೀಟರ್ ನೀರಿಗೆ 1 ಮಿ.ಲೀ. ದ್ರವ ಸೋಪು ಬೆರೆಸಿ, ಅದಕ್ಕೆ 5 ಮಿ.ಲೀ. ಬೇವಿನೆಣ್ಣೆ ಹಾಕಿ ಚೆನ್ನಾಗಿ ಕಲಕಿ, ಒಂದು ಕೊಂಬೆಯ ಮೇಲೆ ಪರೀಕ್ಷಿಸಿ, ಎಲೆ ಸುಡದಿದ್ದರೆ ಸಂಜೆ ಸಿಂಪಡಿಸಿ. ಬೇವಿನ ಸಾರ ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಅದು ಕೀಟವನ್ನು ಕೂಡಲೇ ಕೊಲ್ಲುವುದಿಲ್ಲ, ಮೇವನ್ನು ಮತ್ತು ಬೆಳವಣಿಗೆಯನ್ನು ತಡೆಯುತ್ತದೆ. ಎಲೆಯೊಳಗಿನ ಮೊಟ್ಟೆಗಳು ಆಮೇಲೆ ಒಡೆಯುವುದರಿಂದ ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಬೇಕು. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಮರದಿಂದ ಬಂದದ್ದೆಂಬ ಮಾತ್ರಕ್ಕೆ ಬೇವಿನೆಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋಗಬಹುದಾದ ವಸ್ತುವಲ್ಲ. ರಸಕ್ಕೆಂದು ಬೇರೊಂದು ಕುಂಡದಲ್ಲಿ ಏನೂ ಸಿಂಪಡಿಸದ ತುಳಸಿಯನ್ನು ಬೆಳೆಸಿಕೊಳ್ಳಿ.

ಕರಿಬೇವಿನ ಹುಳು ನಿಂಬೆ ಗಿಡದಲ್ಲಿಯೂ ಕಾಣುವ ಚಿಟ್ಟೆಯ ಮರಿ. ಎಳೆಯದರಲ್ಲಿ ಹಕ್ಕಿಯ ಹಿಕ್ಕೆಯಂತೆ ಕಂಡು, ಬಲಿತಾಗ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬನ್ನು ಹೊರಚಾಚಿ ಗಾಟು ವಾಸನೆ ಬಿಡುತ್ತದೆ, ಕಚ್ಚುವುದಿಲ್ಲ. ಇದಕ್ಕೆ ಔಷಧವೇ ಬೇಡ. ಕೈಯಿಂದ ಆರಿಸಿ ದೊಡ್ಡ ನಿಂಬೆ ಮರಕ್ಕೆ ಬಿಟ್ಟರೆ ಸಾಕು.

ಪ್ರಶ್ನೆ (ಸಾಗರದಿಂದ):
ಮೇಡಂ, ನಮ್ಮಲ್ಲಿ ಮಳೆ ಹಿಡಿದಿದೆ, ಸಿಂಪಡಿಸಿದ್ದೆಲ್ಲ ತೊಳೆದುಹೋಗುತ್ತದೆ. ಜಗಲಿಯ ದೊಡ್ಡಪತ್ರೆಯ ಗೆಣ್ಣುಗಳಲ್ಲಿ ಹತ್ತಿಯಂತೆ ಬಿಳಿ ಕಟ್ಟಿದ್ದು, ಇರುವೆಗಳೂ ಓಡಾಡುತ್ತಿವೆ. ತಂಬುಳಿಗೆ ಎಲೆ ಕೊಯ್ಯಲು ಮನಸ್ಸಾಗುತ್ತಿಲ್ಲ.

ಉತ್ತರ:
ಅದು ಹಿಟ್ಟು ತಿಗಣೆ. ಅದು ಸೂಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಶತ್ರುಗಳಿಂದ ಕಾಯುತ್ತವೆ. ಆದ್ದರಿಂದ ಮೊದಲು ಇರುವೆಯನ್ನು ತಡೆಯಬೇಕು. ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಟ್ಟಿಗೆ ಇರಿಸಿ ಅದರ ಮೇಲೆ ಕುಂಡವನ್ನಿಡಿ, ಎಲೆಗಳು ಗೋಡೆಗೆ ತಾಗದಿರಲಿ, ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ. ಗೆಣ್ಣುಗಳನ್ನು ಸೋಪಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಬಳಿಕ ಬರಿ ನೀರಿನಿಂದ ತೊಳೆಯಿರಿ. ಒರೆಸುವ ಮುನ್ನ ಸ್ವಲ್ಪ ಹೊತ್ತು ಗಮನಿಸಿ: ಹಿಟ್ಟು ತಿಗಣೆಯನ್ನು ತಿನ್ನುವ ಒಂದು ಜಾತಿಯ ಗುಲಗಂಜಿ ಹುಳುವಿನ ಮರಿಯೂ ಬಿಳಿ ಮೇಣದ ಎಳೆಗಳನ್ನು ಹೊದ್ದಿರುತ್ತದೆ, ಆದರೆ ಚುರುಕಾಗಿ ಓಡಾಡುತ್ತದೆ. ಅದನ್ನು ಗಿಡದಲ್ಲಿಯೇ ಬಿಡಿ. ಗುರುತಿಸಲಾಗದಿದ್ದರೆ, ಕೀಟವಿರುವ ಎಲೆಯೊಂದನ್ನು ಡಬ್ಬಿಯಲ್ಲಿ ಹಾಕಿಕೊಂಡು ಶಿವಮೊಗ್ಗದ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ.