ಲಾಮಲೇರಾಗೆ ಯಾರಾದ್ರೂ ಹೋಗಿದೀರಾ? ತಿಮಿಂಗಿಲ ಬೇಟೆ ಈಗಲೂ ನಡೀತಿದ್ಯಾ?

ದಾರಿಬದಿ:

ನಮಸ್ಕಾರ ಎಲ್ರಿಗೂ. ಇಂಡೋನೇಷ್ಯಾದ ಫ್ಲೋರೆಸ್ ಕಡೆ ಹೋಗೋ ಯೋಚನೆ ಇದೆ, ಕೊಮೊಡೊ ಕೆಲಿಮುತು ಎಲ್ಲಾ ಮಾಮೂಲಿ ಲಿಸ್ಟು ರೆಡಿ ಇದೆ, ಆದ್ರೆ ಅಲ್ಲಿಂದ ಇನ್ನೂ ಪೂರ್ವಕ್ಕೆ ಲೆಂಬಾಟಾ ಅಂತ ದ್ವೀಪ ಇದ್ಯಲ್ಲ, ಅದರ ದಕ್ಷಿಣ ದಡದಲ್ಲಿ ಲಾಮಲೇರಾ ಅನ್ನೋ ಊರು, ಉದ್ದನೆ ಬಿದಿರಿಗೆ ಕಬ್ಬಿಣದ ಮೊನೆ ಸಿಕ್ಕಿಸ್ಕೊಂಡು ದೋಣಿಯಿಂದ ತಿಮಿಂಗಿಲದ ಬೆನ್ನ ಮೇಲೇ ಹಾರ್ತಾರೆ ಅಂತ ಒಂದು ವಿಡಿಯೋದಲ್ಲಿ ನೋಡಿದಾಗಿಂದ ತಲೇಲಿ ಅದೇ ಕೂತಿದೆ. ಇದು ನಿಜವಾಗ್ಲೂ ಈಗಲೂ ನಡೀತಿದ್ಯಾ ಇಲ್ಲಾ ಟೂರಿಸ್ಟ್‌ಗಳಿಗೋಸ್ಕರ ತೋರಿಸೋದಾ? ಕಾನೂನು ಹೇಗೆ ಬಿಡುತ್ತೆ? ತಲುಪೋದು ಹೇಗೆ, ಯಾವ ತಿಂಗಳು ಸರಿ? ಇನ್ನೊಂದು, ನಾನು ಮಾಂಸ ಮೀನು ಏನೂ ತಿನ್ನಲ್ಲ, ಅಲ್ಲಿ ಹೊಟ್ಟೆಗೆ ಏನಾದ್ರೂ ಸಿಗುತ್ತಾ ಅನ್ನೋದೂ ಒಂದು ಚಿಂತೆ. ನಗಬೇಡಿ ದಯವಿಟ್ಟು.


ಉಪ್ಪುಗಾಳಿ:

ಹೋಗಿದೀನಿ. ಶೋ ಅಲ್ಲ ಗುರು, ಅದೇ ಅವರ ಬದುಕು. ನೀವು ಹೋದ ದಿನ ತಿಮಿಂಗಿಲ ಸಿಗುತ್ತೆ ಅಂತ ಮಾತ್ರ ಅಂದ್ಕೋಬೇಡಿ, ವರ್ಷಕ್ಕೆ ಸರಾಸರಿ ಇಪ್ಪತ್ತರ ಆಸುಪಾಸು ಅಂತಾರೆ, ಒಂದೊಂದು ವರ್ಷ ತುಂಬಾ ಕಮ್ಮಿ. ನಾನಿದ್ದಾಗ ಒಂದೂ ಬರ್ಲಿಲ್ಲ, ಒಂದು ದೋಣಿಯವರು ರೇ ಮೀನು ತಂದ್ರು ಅಷ್ಟೆ.

ದಾರಿ ಹೇಳ್ತೀನಿ. ಲೆಂಬಾಟಾದ ಮುಖ್ಯ ಪಟ್ಟಣ ಲೆವೊಲೆಬಾ, ಅದು ಉತ್ತರ ದಡದಲ್ಲಿದೆ. ತಿಮೋರ್ ದ್ವೀಪದ ಕುಪಾಂಗ್‌ನಿಂದ ಲೆವೊಲೆಬಾಗೆ ಚಿಕ್ಕ ವಿಮಾನ ಇದೆ. ಫ್ಲೋರೆಸ್ ಮೇಲೇ ಇರ್ತೀರಾದ್ರೆ ಮೌಮೆರೆಗೆ ಬಂದು ಅಲ್ಲಿಂದ ಬಸ್ಸಲ್ಲಿ ಪೂರ್ವದ ತುದಿ ಲಾರಂತುಕಾ, ಅಲ್ಲಿಂದ ಬೋಟು. ಬೋಟು ಅಡೊನಾರಾ ದ್ವೀಪದ ವೈವೆರಾಂಗ್‌ನಲ್ಲಿ ನಿಂತು ಜನ ಕೋಳಿ ಸಿಮೆಂಟು ಎಲ್ಲಾ ಹತ್ತಿಸ್ಕೊಂಡು ಇಳಿಸ್ಕೊಂಡು ಮುಂದೆ ಹೋಗುತ್ತೆ, ನಿಧಾನದ ಬೋಟಾದ್ರೆ ನಾಲ್ಕು ಗಂಟೆ ಹತ್ರ ಆಗುತ್ತೆ, ಆದ್ರೆ ಆ ಜಲಸಂಧಿ ನೋಡ್ಕೊಂಡು ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ, ಎಡಕ್ಕೊಂದು ಬಲಕ್ಕೊಂದು ಜ್ವಾಲಾಮುಖಿ. ಲೆವೊಲೆಬಾದಿಂದ ಲಾಮಲೇರಾಗೆ ದ್ವೀಪದ ಬೆನ್ನು ಹತ್ತಿ ಇಳೀಬೇಕು. ಹಲಗೆ ಬೆಂಚು ಹಾಕಿರೋ ಟ್ರಕ್ಕು, ರಸ್ತೆ ಹೇಗಿದ್ಯೋ ಹಾಗೆ ಮೂರ್ನಾಲ್ಕು ಗಂಟೆ, ಕೆಲವು ಕಡೆ ರಸ್ತೆ ಅನ್ನೋದೇ ಧಾರಾಳ. ದುಡ್ಡು ಲೆವೊಲೆಬಾದಲ್ಲೇ ಎಟಿಎಂನಿಂದ ತೆಗೆದಿಟ್ಕೊಳ್ಳಿ, ರೂಪಿಯಾ ಚಿಲ್ಲರೆ ನೋಟು ಜಾಸ್ತಿ ಇರ್ಲಿ.

ಊರು ಅಂದ್ರೆ ಕಡಿದಾದ ಬೆಟ್ಟದ ಬುಡದಲ್ಲಿ ಒಂದು ಪುಟ್ಟ ಕಪ್ಪು ಮರಳಿನ ದಡ, ಅದರ ಉದ್ದಕ್ಕೂ ದೋಣಿ ಮನೆಗಳು ಸಾಲಾಗಿ. ಆಡಳಿತದ ಲೆಕ್ಕದಲ್ಲಿ ಲಾಮಲೇರಾ ಎ, ಲಾಮಲೇರಾ ಬಿ ಅಂತ ಎರಡು ಹಳ್ಳಿ, ಒಂದು ಮೇಲೆ ಒಂದು ಕೆಳಗೆ. ಮನೆ ಮುಂದೆ ಬಿದಿರಿನ ಗಳುಗಳ ಮೇಲೆ ಮಾಂಸದ ಪಟ್ಟಿ ಒಣಗೋಕೆ ಹಾಕಿರ್ತಾರೆ, ಕೊಬ್ಬಿನ ಪಟ್ಟಿಯಿಂದ ಎಣ್ಣೆ ತೊಟ್ಟಿಕ್ತಾ ಇರುತ್ತೆ, ಅದು ನೆಲಕ್ಕೆ ಹೋಗಬಾರ್ದು ಅಂತ ಕೆಳಗೆ ಸೀಳಿದ ಬಿದಿರನ್ನ ದೋಣಿ ಥರ ಇಟ್ಟು ಹಿಡೀತಾರೆ. ಆ ವಾಸನೆ ಬಟ್ಟೆಗೆ ಹತ್ತಿದ್ರೆ ಬಿಡಲ್ಲ, ಒಂದು ಜೊತೆ ಹಳೇ ಬಟ್ಟೆ ಇಟ್ಕೊಳ್ಳಿ.

ಊಟದ್ದು ಚಿಂತೆ ಬೇಡ. ಜೋಳ ಇದೆ, ಅನ್ನ ಇದೆ, ನುಗ್ಗೆ ಸೊಪ್ಪು ಆ ಕಡೆಯೆಲ್ಲಾ ಬೇಯಿಸ್ತಾರೆ, ಬಾಳೆಹಣ್ಣು ಗೆಣಸು ಇದೆ. ಜಾಗುಂಗ್ ತಿತಿ ಅಂತ ಒಂದಿದೆ, ಮೆಕ್ಕೆಜೋಳದ ಕಾಳನ್ನ ಮಣ್ಣಿನ ಹಂಚಲ್ಲಿ ಹುರಿದು, ಸುಡ್ತಾ ಇರೋವಾಗ್ಲೇ ಕೈಯಲ್ಲಿ ಒಂದೆರಡು ಕಾಳು ತೆಗೆದು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿಂದ ಟಪ್ ಅಂತ ಚಪ್ಪಟೆ ಮಾಡ್ತಾರೆ, ಹಾಗೇ ಇಡೀ ಬುಟ್ಟಿ ತುಂಬಿಸ್ತಾರೆ. ಆ ಹೆಂಗಸರ ಬೆರಳು ನೋಡ್ಬೇಕು, ಬಿಸಿ ಗೊತ್ತೇ ಆಗಲ್ಲ ಅನ್ಸುತ್ತೆ.


ನೀಲಿಬಾಲ:

ಕ್ಷಮಿಸಿ ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ. ಅಲ್ಲಿ ಮುಖ್ಯವಾಗಿ ಹಿಡಿಯೋ ತಿಮಿಂಗಿಲ ಸ್ಪರ್ಮ್ ವೇಲ್, ಅದು ಅಳಿವಿನ ಅಪಾಯದ ಪಟ್ಟೀಲಿರೋ ಪ್ರಾಣಿ, ಇಂಡೋನೇಷ್ಯಾದ 1999ರ ಸರ್ಕಾರಿ ನಿಯಮದಲ್ಲೇ ತಿಮಿಂಗಿಲಗಳು ಸಂರಕ್ಷಿತ. ಸಂಪ್ರದಾಯ ಅಂದ ಮಾತ್ರಕ್ಕೆ ಎಲ್ಲಾ ಸರಿ ಹೋಗಲ್ಲ. ನಾವು ದುಡ್ಡು ಕೊಟ್ಟು ದೋಣಿ ಹತ್ತಿ ಫೋಟೋ ತೆಗೀತೀವಲ್ಲ, ಅದೂ ಬೇಟೆಗೆ ಒಂದು ಥರ ಸಂಬಳ ಕೊಟ್ಟ ಹಾಗೇ. ಈಗ ಅಲ್ಲಿ ಔಟ್‌ಬೋರ್ಡ್ ಮೋಟಾರು ಬೇರೆ ಬಂದಿದೆ, ಡಾಲ್ಫಿನ್ನೂ ಹಿಡೀತಾರೆ. ಇನ್ನು ಎಲ್ಲಿ ಸಂಪ್ರದಾಯ?


ಗುಡ್ಡದಾಚೆ:

@ನೀಲಿಬಾಲ ಮೇಡಂ, ನಿಮ್ಮ ಮಾತನ್ನ ತಳ್ಳಿಹಾಕಲ್ಲ, ಮೋಟಾರಿನ ವಿಷ್ಯ ಊರಲ್ಲೇ ಜಗಳದ ವಿಷ್ಯ, ಅದಕ್ಕೆ ಆಮೇಲೆ ಬರ್ತೀನಿ. ಆದ್ರೆ ಬೇಟೆ ಒಂದನ್ನೇ ಎತ್ತಿ ಹಿಡಿದು ನೋಡಿದ್ರೆ ಲಾಮಲೇರಾ ಅರ್ಥ ಆಗಲ್ಲ ಅನ್ನೋದು ನನ್ನ ವಾದ. ಆ ಊರನ್ನ ಹಿಂದಿನ ಬೆಟ್ಟದ ಜೊತೆ ಸೇರಿಸಿ ನೋಡ್ಬೇಕು.

ಆ ದಡದಲ್ಲಿ ಬೆಳೆ ಬೆಳೆಯೋಕೆ ಜಾಗ ಇಲ್ಲ, ಬರೀ ಕಲ್ಲು, ಮಳೆಯೂ ಕೆಲವೇ ತಿಂಗಳು, ಲೆಂಬಾಟಾ ಸೇರಿರೋ ನುಸಾ ತೆಂಗಾರಾ ತಿಮೂರ್ ಇಡೀ ಪ್ರಾಂತ್ಯವೇ ಇಂಡೋನೇಷ್ಯಾದಲ್ಲಿ ಒಣ ಪ್ರದೇಶ, ಬಡ ಪ್ರಾಂತ್ಯಗಳಲ್ಲಿ ಒಂದು. ಸಮುದ್ರ ಮಾತ್ರ ದಡದಿಂದ ಸ್ವಲ್ಪ ದೂರಕ್ಕೇ ಸಿಕ್ಕಾಪಟ್ಟೆ ಆಳ ಆಗಿಬಿಡುತ್ತೆ. ಪೆಸಿಫಿಕ್ ನೀರು ಈ ದ್ವೀಪಗಳ ಸಂದಿಯಿಂದ ಹಿಂದೂ ಮಹಾಸಾಗರಕ್ಕೆ ಹರಿದು ಬರೋ ದಾರಿ ಇದು, ತಳದ ತಣ್ಣಗಿನ ನೀರು ಮೇಲೆ ಬರುತ್ತೆ, ಮೀನು ಸ್ಕ್ವಿಡ್ ಜಾಸ್ತಿ, ಅದನ್ನ ತಿನ್ನೋಕೆ ತಿಮಿಂಗಿಲಗಳು ಇಲ್ಲಿನ ಸಮುದ್ರಕ್ಕೆ ಬರ್ತಾವೆ, ಇದಕ್ಕೆ ಸಾವೂ ಸಮುದ್ರ ಅಂತ ಹೆಸರು. ಬೆಟ್ಟದ ಮೇಲಿನ ಹಳ್ಳಿಯವರಿಗೆ ಜೋಳ, ಬಾಳೆ, ಗೆಣಸು ಇದೆ, ಸಮುದ್ರ ಇಲ್ಲ. ಇವರಿಗೆ ಸಮುದ್ರ ಇದೆ, ಜೋಳ ಇಲ್ಲ. ಹಾಗಾಗಿ ಒಣಗಿಸಿದ ಮಾಂಸದ ಪಟ್ಟಿ ಅಲ್ಲಿ ದುಡ್ಡಿನ ಕೆಲಸ ಮಾಡುತ್ತೆ. ಹೆಂಗಸರು ತಲೆ ಮೇಲೆ ಬುಟ್ಟಿ ಹೊತ್ತು ಬೆಟ್ಟ ಹತ್ತಿ ಹಳ್ಳಿ ಹಳ್ಳಿ ಸುತ್ತಿ ಬದಲಾಯಿಸ್ಕೊಂಡು ಬರ್ತಾರೆ. ಪಕ್ಕದ ವುಲಾಂಡೋನಿಯಲ್ಲಿ ಪ್ರತಿ ಶನಿವಾರ ಸಂತೆ, ಬೆಟ್ಟದವರು ಒಂದು ಕಡೆ ಸಮುದ್ರದವರು ಒಂದು ಕಡೆ ಸರಕು ಹರಡ್ಕೊಂಡು ಕೂತಿರ್ತಾರೆ, ಸಂತೆ ನೋಡ್ಕೊಳ್ಳೋನು ಸುಂಕ ವಸೂಲಿ ಮಾಡಿ ಸೀಟಿ ಊದೋವರೆಗೂ ಯಾರೂ ಕೈ ಹಾಕೋ ಹಾಗಿಲ್ಲ. ಸೀಟಿ ಊದಿದ ತಕ್ಷಣ ಎಲ್ರೂ ಎದ್ದು ಓಡಾಡ್ತಾರೆ, ಒಂದು ಮಾಂಸದ ತುಂಡಿಗೆ ಹನ್ನೆರಡು ಬಾಳೆಹಣ್ಣು ಇಲ್ಲಾ ಹನ್ನೆರಡು ಜೋಳದ ತೆನೆ ಅನ್ನೋದು ಹೆಚ್ಚಾಗಿ ಕೇಳಿಬರೋ ಲೆಕ್ಕ. ಈಗ ದುಡ್ಡೂ ಓಡುತ್ತೆ, ಆದ್ರೆ ಬದಲಾವಣೆ ವ್ಯಾಪಾರ ನಿಂತಿಲ್ಲ.

ಹಂಚಿಕೆ ಇನ್ನೂ ಬಿಗಿ. ತಿಮಿಂಗಿಲ ದಡಕ್ಕೆ ಬಂದ್ರೆ ದೇಹದ ಯಾವ ಭಾಗ ಯಾರಿಗೆ ಅಂತ ಮೊದಲೇ ನಿಗದಿ, ಈಟಿ ಎಸೆದ ಲಾಮಾಫಾಗೆ, ಹುಟ್ಟು ಹಾಕಿದವರಿಗೆ, ದೋಣಿ ಯಾವ ವಂಶದ್ದೋ ಅವರಿಗೆ, ಈಟಿ ಮೊನೆ ಬಡಿದ ಕಮ್ಮಾರನಿಗೆ, ಹಾಯಿ ಹೆಣೆದವನಿಗೆ, ಈ ಜನ ಬರೋಕೆ ಮೊದ್ಲೇ ಆ ನೆಲದಲ್ಲಿದ್ದ ಮೂಲ ಒಡೆಯರ ಮನೆತನಕ್ಕೂ ಪಾಲು ಇದೆ. ಅವರಿಂದ ವಿಧವೆಯರಿಗೆ, ನೆಂಟರಿಗೆ ಹೋಗುತ್ತೆ. ಇದರ ಮೇಲೆ ಒಂದು ಮಜಾ ಇದೆ ಕೇಳಿ. ಮೈಕೆಲ್ ಆಲ್ವಾರ್ಡ್ ಅಂತ ಮಾನವಶಾಸ್ತ್ರಜ್ಞ ಅಲ್ಲಿ ಒಂದು ಆಟ ಆಡಿಸಿದ್ರು, ಒಬ್ಬನಿಗೆ ಒಂದು ಮೊತ್ತ ಕೊಡೋದು, ಅದರಲ್ಲಿ ಎಷ್ಟು ಇನ್ನೊಬ್ಬನಿಗೆ ಕೊಡ್ತೀಯ ಅಂತ ಅವನೇ ಹೇಳ್ಬೇಕು, ಇನ್ನೊಬ್ಬ ಬೇಡ ಅಂದ್ರೆ ಇಬ್ಬರಿಗೂ ಏನೂ ಇಲ್ಲ. ಜೂಜು ಅನ್ನಿಸ್ಬಾರ್ದು ಅಂತ ದುಡ್ಡಿನ ಬದಲು ಸಿಗರೇಟು ಪ್ಯಾಕ್ ಇಟ್ಟಿದ್ರು. ಬೇರೆ ಬೇರೆ ದೇಶಗಳ 15 ಸಣ್ಣ ಸಮಾಜಗಳಲ್ಲಿ ಇದೇ ಆಟ ಆಡಿಸಿದಾಗ ಲಾಮಲೇರಾದವರು ಸರಾಸರಿ ಅರ್ಧಕ್ಕಿಂತ ಜಾಸ್ತಿನೇ ಎದುರಿನವನಿಗೆ ಕೊಟ್ರು. ಹತ್ತು ಹದಿನೈದು ಜನ ಒಂದೇ ದೋಣೀಲಿ ಪ್ರಾಣ ಪಣಕ್ಕಿಟ್ಟು ಕೆಲಸ ಮಾಡೋರಿಗೆ ಹಂಚೋದು ಉಪಕಾರ ಅಲ್ಲ, ಲೆಕ್ಕಾಚಾರ.

ಪ್ರಾಣ ಪಣಕ್ಕೆ ಅಂದಿದ್ದು ಮಾತಿಗಲ್ಲ. 1994ರಲ್ಲಿ ಈಟಿ ನೆಟ್ಟ ತಿಮಿಂಗಿಲ ದೋಣಿಗಳನ್ನ ತಿಮೋರ್ ಕಡೆಗೆ ಎಳ್ಕೊಂಡು ಹೋಗಿ, ಜನ ದಿನಗಟ್ಟಲೆ ನೀರಲ್ಲೇ ಇದ್ದು ಕೊನೆಗೆ ಒಂದು ಪ್ರವಾಸಿ ಹಡಗು ಎತ್ಕೊಂಡ್ತು. ಅದಕ್ಕೇ ಏನೋ ಕಟ್ಟುಪಾಡು ಜಾಸ್ತಿ, ಮನೇಲಿ ಹೆಂಡತಿ ಜೊತೆ ಜಗಳ ಆಡಿದ ಲಾಮಾಫಾ ರಾಜಿ ಮಾಡ್ಕೊಳ್ದೆ ದೋಣಿ ಹತ್ತೋ ಹಾಗಿಲ್ಲ. ನೀಲಿ ತಿಮಿಂಗಿಲ ಮುಟ್ಟಲ್ಲ, ಪೂರ್ವಜರನ್ನ ಕಾಪಾಡಿದ್ದು ಅಂತ ಕಥೆ ಇದೆ.

ಇನ್ನು ಕಾನೂನು. ಇಂಡೋನೇಷ್ಯಾ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ಸದಸ್ಯ ಅಲ್ಲ, ಹಾಗಾಗಿ ತಿಮಿಂಗಿಲ ಬೇಟೆ ಮೇಲೆ ಆಯೋಗ ಹಾಕಿರೋ ನಿಷೇಧ ಇವರಿಗೆ ನೇರವಾಗಿ ಅನ್ವಯ ಆಗಲ್ಲ. ದೇಶದೊಳಗಿನ ನಿಯಮ ನೀವು ಹೇಳಿದ್ದು ಸರಿ, ಆದ್ರೆ ಹೊಟ್ಟೆಪಾಡಿನ ಬೇಟೆ ಅಂತ ಸರ್ಕಾರ ಸುಮ್ನಿದೆ. ತಮಾಷೆ ಅಂದ್ರೆ 1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೇ ನಾರ್ವೆಯ ಬೇಟೆಗಾರರನ್ನ ಕಳಿಸಿ ಇವರ ಬೇಟೆ ಆಧುನಿಕ ಮಾಡೋಕೆ ನೋಡ್ತು, ಅದು ಅಲ್ಲಿ ಬೇರು ಬಿಡ್ಲಿಲ್ಲ. ಮೂರ್ನಾಲ್ಕು ದಶಕ ಆದ್ಮೇಲೆ ಹೊರಗಿನವರೇ ಬಂದು ನಿಲ್ಲಿಸಿ ಅಂದ್ರು. 2009ರಲ್ಲಿ ಸಾವೂ ಸಮುದ್ರವನ್ನ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ರಲ್ಲ, 30 ಲಕ್ಷ ಹೆಕ್ಟೇರ್‌ಗೂ ಜಾಸ್ತಿ, ಲಾಮಲೇರಾದವರು ಜೋರಾಗಿ ವಿರೋಧ ಮಾಡಿದ್ರಿಂದ ಲೆಂಬಾಟಾ ಸುತ್ತಲಿನ ಭಾಗ ಹೊರಗೇ ಉಳೀತು.

ಮೋಟಾರು. ಹಳೇ ದೋಣಿ ಪೆಲೆಡಾಂಗ್‌ಗೆ ಒಂದು ಕಬ್ಬಿಣದ ಮೊಳೆ ಇಲ್ಲ, ಎಲ್ಲಾ ಮರದ ಗೂಟ, ಹಾಯಿ ತಾಳೆ ಗರಿ ಹೆಣೆದಿದ್ದು. 2000ದ ಈಚೆಗೆ ಮೋಟಾರು ದೋಣಿ ಬಂತು, ಅದನ್ನ ಅಲ್ಲಿ ಜೋನ್ಸೋನ್ ಅಂತಾರೆ, ಎಂಜಿನ್ ಕಂಪನಿ ಹೆಸರೇ ದೋಣಿ ಹೆಸರಾಯ್ತು. ಮೊದಮೊದ್ಲು ಅದನ್ನ ಪೆಲೆಡಾಂಗ್ ಎಳ್ಕೊಂಡು ಹೋಗೋಕೆ ಮಾತ್ರ ಅಂತ ಹಿರಿಯರು ಒಪ್ಕೊಂಡ್ರು, ಆಮೇಲೆ ಅದು ಅಷ್ಟಕ್ಕೇ ನಿಲ್ಲಲಿಲ್ಲ. ಪೆಟ್ರೋಲಿಗೆ ದುಡ್ಡು ಬೇಕು, ಜೋಳಕ್ಕೆ ಪೆಟ್ರೋಲ್ ಕೊಡೋರು ಯಾರು, ಅದಕ್ಕೆ ಬಲೆ ಬಂತು, ಮಾರೋ ಮೀನು ಬಂತು. ನಂಗೆ ತಿಮಿಂಗಿಲಕ್ಕಿಂತ ಹೆಚ್ಚು ಚಿಂತೆ ಆಗೋದು ಇದೇ, ವರ್ಷಕ್ಕೆ ಇಪ್ಪತ್ತು ತಿಮಿಂಗಿಲದಿಂದ ಆ ಜಾತಿ ಅಳಿಯಲ್ಲ, ಆದ್ರೆ ರೇ ಮೀನುಗಳ ಲೆಕ್ಕ ಹಾಗಲ್ಲ, ನಿಧಾನವಾಗಿ ಮರಿ ಹಾಕೋವು. ಮ್ಯಾಂಟಾ ಅನ್ನೋ ದೊಡ್ಡ ರೇ ಮೀನು 2014ರಿಂದ ಇಡೀ ಇಂಡೋನೇಷ್ಯಾದಲ್ಲಿ ಸಂರಕ್ಷಿತ, ಅದನ್ನೇ ಹಿಡೀತಿದ್ದ ಪಕ್ಕದ ಸೊಲೋರ್ ದ್ವೀಪದ ಲಾಮಕೆರಾ ಊರಿನವರಿಗೆ ಇದರಿಂದ ದೊಡ್ಡ ಹೊಡೆತಾನೇ ಬಿತ್ತು.


ನೀಲಿಬಾಲ:

ರೇ ಮೀನಿನ ವಿಷ್ಯದಲ್ಲಿ ಒಪ್ತೀನಿ. ತಿಮಿಂಗಿಲದ ವಿಷ್ಯದಲ್ಲಿ ಇನ್ನೂ ಇಲ್ಲ, ಇಪ್ಪತ್ತು ಅನ್ನೋದು ಆ ಸಮುದ್ರಕ್ಕೆ ಬರೋ ಗುಂಪಿಗೆ ಕಮ್ಮಿನಾ ಜಾಸ್ತಿನಾ ಅಂತ ಆ ಗುಂಪು ಎಷ್ಟಿದೆ ಅಂತ ಎಣಿಸದೇ ಹೇಳೋಕಾಗಲ್ಲ ಅಲ್ವಾ. ಸಂತೆ ಬಗ್ಗೆ ಬರೆದಿದ್ದು ಚೆನ್ನಾಗಿತ್ತು ಆದ್ರೆ.


ಗುಡ್ಡದಾಚೆ:

ನ್ಯಾಯವಾದ ಮಾತು, ಅಲ್ಲಿಗೆ ಬರೋ ಗುಂಪಿನ ಲೆಕ್ಕ ಬೇರೆ ಇಡೀ ಜಾತಿ ಲೆಕ್ಕ ಬೇರೆ.


ದಾರಿಬದಿ:

ಅಬ್ಬಾ ಇಷ್ಟೊಂದು ಬರೀತೀರ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಸಂತೆ ನೋಡ್ಲೇಬೇಕು ಅನ್ಸ್ತಿದೆ ಈಗ. ಹಾಗಾದ್ರೆ ಯಾವ ತಿಂಗಳು, ವಾರದಲ್ಲಿ ಯಾವ ದಿನ ತಲುಪಿದ್ರೆ ಸರಿ? ಆ ಕಡೆ ಭೂಕಂಪ ಜ್ವಾಲಾಮುಖಿ ಎಲ್ಲಾ ಜಾಸ್ತಿ ಅಂತ ಮನೇಲಿ ಹೆದರಿಸ್ತಿದಾರೆ.


ಉಪ್ಪುಗಾಳಿ:

ಮನೆಯವರು ಹೆದರೋದ್ರಲ್ಲಿ ತಪ್ಪಿಲ್ಲ. ಲೆಂಬಾಟಾದ ಉತ್ತರದಲ್ಲಿರೋ ಲೆವೊತೊಲೊಕ್ ಜ್ವಾಲಾಮುಖಿ 2020ರ ನವೆಂಬರ್ ಕೊನೇಲಿ ಜೋರಾಗಿ ಸಿಡೀತು, ಆಮೇಲೆ 2021ರ ಏಪ್ರಿಲ್‌ನಲ್ಲಿ ಸೆರೋಜಾ ಚಂಡಮಾರುತ ಬಂದಾಗ ಅದೇ ಬೆಟ್ಟದ ಇಳಿಜಾರಿನಿಂದ ಕಲ್ಲು ಮಣ್ಣು ಕೊಚ್ಚಿ ಬಂದು ಹಳ್ಳಿಗಳ ಮೇಲೆ ಬಿತ್ತು, ತುಂಬಾ ಜನ ಹೋದ್ರು. ದಕ್ಷಿಣದಲ್ಲಿ ಇಲಿವೆರುಂಗ್ ಅನ್ನೋ ಇನ್ನೊಂದು ಜ್ವಾಲಾಮುಖಿ ಇದೆ, 1979ರ ಜುಲೈನಲ್ಲಿ ಅದರ ಪಕ್ಕ ಕುಸಿದು ಸಮುದ್ರಕ್ಕೆ ಬಿದ್ದು ಸುನಾಮಿ ಎದ್ದು ನೂರಾರು ಜನ ಸತ್ರು. ಹೊರಡೋ ಮುಂಚೆ ಜ್ವಾಲಾಮುಖಿಗಳ ಎಚ್ಚರಿಕೆ ಮಟ್ಟ ಎಷ್ಟಿದೆ ಅಂತ ನೋಡ್ಕೊಂಡು ಹೊರಡಿ, ಮೇಲೆ ಬೂದಿ ಇದ್ರೆ ವಿಮಾನ ಕ್ಯಾನ್ಸಲ್, ಹಿಂದೆ ಮುಂದೆ ಎರಡು ದಿನ ಸಡಿಲ ಇಟ್ಕೊಳ್ಳಿ.

ತಿಂಗಳು ಅಂದ್ರೆ ಮೇ ಇಂದ ಅಕ್ಟೋಬರ್ ಒಳಗೆ, ಅದನ್ನ ಲೆವಾ ಅಂತಾರೆ, ಬೇಟೆ ಕಾಲ. ಉಳಿದ ತಿಂಗಳಲ್ಲಿ ದಡದಿಂದ ತಿಮಿಂಗಿಲ ಕಂಡ್ರೆ ಬಲೆಓ ಬಲೆಓ ಅಂತ ಕೂಗಿ ಹೋಗ್ತಾರೆ, ದಿನಾ ಹೋಗಲ್ಲ. ಏಪ್ರಿಲ್ ಕೊನೆಗೆ ಹೋಗೋಕಾದ್ರೆ ಇನ್ನೂ ಒಳ್ಳೇದು, 30ನೇ ತಾರೀಖು ಸಮುದ್ರದಲ್ಲಿ ಸತ್ತವರಿಗೋಸ್ಕರ ದಡದಲ್ಲಿ ಪ್ರಾರ್ಥನೆ, ಮೇ 1ಕ್ಕೆ ಪಾದ್ರಿ ದೋಣಿಗಳಿಗೆ ಆಶೀರ್ವಾದ ಮಾಡೋ ಪೂಜೆ. ಊರೆಲ್ಲಾ ಕ್ಯಾಥೊಲಿಕ್, ಬೋಡೆ ಅಂತ ಜರ್ಮನ್ ಪಾದ್ರಿ 1920ರಲ್ಲಿ ಬಂದು ನೆಲೆಸಿದ್ರು, ಆದ್ರೆ ಪಾದ್ರಿ ಬರೋ ಮುಂಚೆ ಬೆಟ್ಟದ ಮೇಲಿನ ಮೂಲ ಒಡೆಯರ ಮನೆತನದವರು ತಿಮಿಂಗಿಲದ ಆಕಾರದ ಬಂಡೆ ಹತ್ರ ಮಾಡೋ ಹಳೇ ಶಾಸ್ತ್ರ ಮುಗಿದಿರ್ಬೇಕು. ಎರಡೂ ಬೇಕು ಅವರಿಗೆ.

ದಿನದ ಲೆಕ್ಕ ಸುಲಭ. ಶುಕ್ರವಾರ ಬೆಳಿಗ್ಗೆ ಲೆವೊಲೆಬಾ ಬಿಟ್ರೆ ಮಧ್ಯಾಹ್ನ ಲಾಮಲೇರಾ. ಶನಿವಾರ ಬೆಳಿಗ್ಗೆ ಬೇಗ ವುಲಾಂಡೋನಿ, ತಡ ಮಾಡಿದ್ರೆ ಸಂತೆ ಮುಗಿದಿರುತ್ತೆ. ಭಾನುವಾರ ದೋಣಿ ಇಳಿಸಲ್ಲ, ಎಲ್ರೂ ಚರ್ಚಿಗೆ, ನೀವು ದೋಣಿ ರಿಪೇರಿ ನೋಡ್ಕೊಂಡು ಅಜ್ಜಂದಿರ ಹತ್ರ ಮಾತಾಡ್ತಾ ಕೂರಬಹುದು. ಸಮುದ್ರಕ್ಕೆ ಹೋಗೋ ಮನಸ್ಸಿದ್ರೆ ಸೋಮವಾರ, ಉಳ್ಕೊಂಡಿರೋ ಮನೆಯವರನ್ನೇ ಕೇಳಿ, ಎಷ್ಟು ಕೊಡ್ಬೇಕು ಅಂತ ದೋಣಿ ಹತ್ತೋ ಮುಂಚೆನೇ ಮಾತಾಡ್ಕೊಳ್ಳಿ. ಹೊಟ್ಟೆ ತೊಳೆಸೋರಾದ್ರೆ ಮಾತ್ರೆ ತಗೊಂಡು ಹೋಗಿ, ನೆರಳು ಅನ್ನೋದು ಆ ದೋಣೀಲಿ ಇರಲ್ಲ. ಮನೇಲಿ ಮೊದಲ ದಿನವೇ ಮಾಂಸ ಮೀನು ತಿನ್ನಲ್ಲ ಅಂತ ಹೇಳಿಬಿಡಿ, ತಟ್ಟೆಗೆ ಬಂದ್ಮೇಲೆ ಬೇಡ ಅಂದ್ರೆ ಅವರಿಗೆ ಬೇಜಾರು.