ವಸಾಹತುಶಾಹಿ: ಇಲ್ಲಿ ಯಾರು ಬಂದು ನೆಲೆಸಿದರು?

ಎಲ್ಲರಿಗೂ ನಮಸ್ಕಾರ.

ಸಿಂಧನೂರು ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವಾರ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಆದಿಲ್‌ಶಾಹಿ ಮುಗದ ಮ್ಯಾಲ ವಸಾಹತುಶಾಹಿ ಬಂತೇನ್ರಿ? ಅವರ ರಾಜಧಾನಿ ಯಾವ್ದ್ರಿ?" ಅಂದಳು. ತರಗತಿಯಲ್ಲಿ ಯಾರೂ ನಗಲಿಲ್ಲ, ಉಳಿದವರೂ ಹಾಗೇ ತಿಳಿದಿದ್ದರು. ಬ್ರಿಟಿಷರಂಥ ಪರದೇಶದವರ ಆಳ್ವಿಕೆಗೆ ಪಠ್ಯದಲ್ಲಿರುವ ಪದ ಅದು. ರಾಯಚೂರು ಕೋಟೆ ನೋಡಿ ಬೆಳೆದ ಮಕ್ಕಳಿಗೆ ಶಾಹಿ ಅಂದರೆ ಒಂದು ರಾಜಮನೆತನವೇ.

ಶಾಹಿ ಇರಲಿ, ಬಂಡವಾಳಶಾಹಿ, ಅಧಿಕಾರಶಾಹಿಗಳಲ್ಲಿ ಅದು ಒಗ್ಗಿಹೋಗಿದೆ. ನನ್ನ ತಕರಾರು ವಸಾಹತಿನ ಮೇಲೆ. ಮರಾಠಿಯ 'ವಸಾಹತ'ದಂತೆ ಇದಕ್ಕೂ ಹೊಸದಾಗಿ ಬಂದು ನೆಲೆಸಿದ ಜಾಗ ಅಂತಲೇ ಅರ್ಥ. ನಮ್ಮ ಮಕ್ಕಳು ದಿನಾ ಓದುವುದು 'ಕೈಗಾರಿಕಾ ವಸಾಹತು' ಎಂಬ ಬೋರ್ಡನ್ನು. ನಿಜವಾಗಿ ಹೊರಗಿನಿಂದ ಬಂದು ನೆಲೆಸಿದವರಿಗೆ ಇಲ್ಲಿರುವ ಮಾತು ಕ್ಯಾಂಪು. ತುಂಗಭದ್ರಾ ಎಡದಂಡೆ ನಾಲೆಯ ನೀರು ನಂಬಿ ಬಂದ ಆಂಧ್ರದ ರೈತರದೂ ಕ್ಯಾಂಪು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರದೂ ಕ್ಯಾಂಪು. ದೇಶವನ್ನು ಹೋಳು ಮಾಡಿದ ಗೆರೆ ಸಿಂಧನೂರಿನ ಹೊಲದವರೆಗೂ ಬಂದದ್ದು ಹೀಗೆ.

ಅಲ್ಜೀರಿಯಾಕ್ಕೆ ಈ ಪದ ಸರಿಹೊಂದುತ್ತದೆ. 1830ರಿಂದ ಫ್ರೆಂಚರು ಅಲ್ಲಿನ ಒಳ್ಳೆಯ ಹೊಲಗಳನ್ನು ಕಿತ್ತುಕೊಂಡು ಮನೆಮಾರು ಕಟ್ಟಿಕೊಂಡು ಕೂತರು. ಅದಕ್ಕೇ 1954ರಿಂದ 1962ರವರೆಗಿನ ಹೋರಾಟ ಅಷ್ಟು ಭೀಕರವಾಯಿತು. ಅದು ಆಳುವವರೊಡನೆ ಮಾತ್ರವಲ್ಲ, ಪಕ್ಕದ ಹೊಲದವನೊಡನೆಯೂ ನಡೆದ ಕಾದಾಟ. ಅಲ್ಜೀರಿಯದವರು ಗೆದ್ದ ವರ್ಷವೇ ಹಾಗೆ ಬಂದು ನೆಲೆಸಿದ್ದ ಲಕ್ಷಗಟ್ಟಲೆ ಜನ ಗಂಟುಮೂಟೆ ಕಟ್ಟಿ ಫ್ರಾನ್ಸಿಗೆ ಹೊರಟರು.

ನಮ್ಮಲ್ಲಿ ಆದದ್ದೇ ಬೇರೆ. ತನ್ನ ರಕ್ಷಣೆಗೆಂದು ಇಟ್ಟುಕೊಂಡ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಖರ್ಚಿಗಾಗಿ ನಿಜಾಮ 1800ರಲ್ಲಿ ಬಳ್ಳಾರಿ ಸೀಮೆ ಬಿಟ್ಟುಕೊಟ್ಟ. ಸೈನ್ಯದ ಬಾಕಿಗೆಂದೇ 1853ರಲ್ಲಿ ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ದೋಆಬ್ ಕೊಟ್ಟ, 1860ರಲ್ಲಿ ಅದು ತಿರುಗಿ ಬಂತು. ನಮ್ಮೂರ ಕಡೆ ಸಾಲಕ್ಕೆ ಹೊಲ ಒತ್ತೆ ಇಡುತ್ತಾರಲ್ಲ, ಥೇಟ್ ಹಾಗೇ. ಬಳ್ಳಾರಿಯಲ್ಲಿ ಕಲೆಕ್ಟರ್ ಮನ್ರೋ ಹೊಲಹೊಲ ಅಳೆಸಿ ರೈತನಿಂದಲೇ ನೇರ ಕಂದಾಯ ಎತ್ತಿದ. ಬಿಳಿಯ ಒಕ್ಕಲಿಗನೊಬ್ಬ ಬಂದು ಎರೆಹೊಲ ಉಳಲಿಲ್ಲ. ಇದನ್ನು ವಸಾಹತು ಅಂದರೆ ನಡೆದದ್ದೇ ಮರೆಯಾಗುತ್ತದೆ, ನನಗೆ ಸಂಕಟವಾಗುವುದು ಅದಕ್ಕೆ.

ಹೆಸರಿನ ಗಾಯ ಸಣ್ಣದಲ್ಲ. 1800ರಲ್ಲಿ ಬಳ್ಳಾರಿಯ ಜೊತೆ ತೆಲುಗು ನಾಡನ್ನೂ ಸೇರಿಸಿ ಕಂಪನಿಗೆ ಕೊಟ್ಟ ಆ ಸೀಮೆಗೆ 'ದತ್ತ ಮಂಡಲ', ಅಂದರೆ ಕೊಟ್ಟ ನಾಡು, ಎಂಬ ಹೆಸರೇ ಅಂಟಿತ್ತು. ಯಾರದೋ ನೆಲವನ್ನು ಯಾರೋ ಇನ್ಯಾರಿಗೋ ಕೊಟ್ಟರು ಎಂಬ ಆ ಮಾತು ನುಂಗಲಾರದೆ ತೆಲುಗರು 1928ರಲ್ಲಿ ನಂದ್ಯಾಲದ ಸಭೆಯಲ್ಲಿ ರಾಯಲಸೀಮೆ ಎಂಬ ಹೆಸರಿಟ್ಟುಕೊಂಡರು.

ನಾನು ಕೇಳುವುದು ಇಷ್ಟು. ನೆಲೆಸದೆ, ಕಂದಾಯ ಎತ್ತಿಕೊಂಡು ದೂರದಿಂದ ಆಳಿದ್ದಕ್ಕೆ ಕನ್ನಡದಲ್ಲಿ ಬೇರೆ ಪದ ಬಳಕೆಯಲ್ಲಿದೆಯೇ? ನಮ್ಮ ಹಿರಿಯರು 'ಕಂಪನಿ ಸರ್ಕಾರ' ಅನ್ನುತ್ತಿದ್ದರು, 'ಪರರಾಳ್ವಿಕೆ' ಅಂತ ನಾನೇ ಹೇಳಿ ನೋಡಿದೆ. ಬಳ್ಳಾರಿ, ಕೊಪ್ಪಳದ ಹಳ್ಳಿಗಳಲ್ಲಿ ಅಜ್ಜ ಅಜ್ಜಿಯರು ಏನನ್ನುತ್ತಿದ್ದರು, ದಯವಿಟ್ಟು ತಿಳಿಸಿ. ಸೋಮವಾರ ಆ ಹುಡುಗಿಗೆ ಉತ್ತರ ಹೇಳಬೇಕು.