ವಿಜಯಪುರದ ಬಿಸಿಲಿನಲ್ಲಿ ಬೆಳೆದವನು ಗೋವೆಯ ಟ್ರಯಥ್ಲಾನ್‌ನಲ್ಲಿ ಬಾಡಿದ್ದೇಕೆ?

ಜೋಳದಂಗಡಿ, ವಿಜಯಪುರ:

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಎಪಿಎಂಸಿಯಲ್ಲಿ ಜೋಳ, ಕಡಲೆಯ ಅಡತಿ ಅಂಗಡಿ ಇದೆ. ಎರಡು ವಾರದ ಹಿಂದೆ ಗೋವೆಯ ಮಿರಾಮಾರ್ ಕಡಲತೀರದಲ್ಲಿ ಮೊದಲ ಅರ್ಧ ದೂರದ ಟ್ರಯಥ್ಲಾನ್ ಮುಗಿಸಿ ಬಂದೆ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಗಡುವು ಎಂಟೂವರೆ ಗಂಟೆ. ನನಗೆ ಹಿಡಿದದ್ದು 8 ಗಂಟೆ 8 ನಿಮಿಷ. ಪದಕ ಗಲ್ಲಾಪೆಟ್ಟಿಗೆಯ ಮೇಲೆ ನೇತಾಡುತ್ತಿದೆ, ಬಂದ ರೈತರೆಲ್ಲ ಮುಟ್ಟಿ ನೋಡಿ ಹೊಗಳಿ ಹೋಗುತ್ತಾರೆ. ನನಗೆ ಮಾತ್ರ ಅದನ್ನು ಕಂಡರೆ ನಾಚಿಕೆ. ಓಟ ಎಂದು ಲೆಕ್ಕದಲ್ಲಿ ಬರೆದಿರುವ ಭಾಗವನ್ನು ನಾನು ಬಹುಪಾಲು ನಡೆದೇ ಮುಗಿಸಿದೆ.

ಈಜು ಕಲಿತದ್ದು ಅಜ್ಜನ ಹೊಲದ ಬಾವಿಯಲ್ಲಿ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು. ಬಾವಿಯಲ್ಲಿ ದಾರಿ ತಪ್ಪುವ ಮಾತೇ ಇಲ್ಲ, ನಾಲ್ಕು ಸಲ ಕೈ ಬೀಸಿದರೆ ಗೋಡೆ. ಕಡಲಿನಲ್ಲಿ ತಲೆ ಎತ್ತಿದಾಗ ದಾರಿಯ ಗುರುತಿಗೆ ತೇಲಿಬಿಟ್ಟ ಬೋಯಾ ಎಡಕ್ಕಿತ್ತು, ಮತ್ತೆ ಎತ್ತಿದಾಗ ಇನ್ನೂ ಎಡಕ್ಕೆ. 58 ನಿಮಿಷ ಆಯಿತು. ಅದಿರಲಿ.

ಸೈಕಲ್ ಹತ್ತಿದ ಮೇಲೆ ಹುರುಪು ಬಂತು. ಮೊದಲ 60 ಕಿ.ಮೀ. ಎರಡೂಕಾಲು ಗಂಟೆಯಲ್ಲಿ, ಉಳಿದ 30ಕ್ಕೆ ಒಂದು ಗಂಟೆ 25 ನಿಮಿಷ. ಜೇಬಿನಲ್ಲಿ ಅಮೀನಗಡದ ಕರದಂಟು ಇಟ್ಟುಕೊಂಡಿದ್ದೆ. ಬಾಯಿ ಒಣಗಿದ್ದಾಗ ಅದನ್ನು ಅಗಿಯಲೂ ಆಗಲಿಲ್ಲ, ಉಗಿಯಲು ಮನಸ್ಸೂ ಬರಲಿಲ್ಲ. ಹೊಟ್ಟೆಗೆ ಹೋದದ್ದು ಅರ್ಧ ಬಾಳೆಹಣ್ಣು.

ಓಟದಲ್ಲಿ ನಾಲ್ಕನೇ ಕಿಲೋಮೀಟರಿಗೆ ತೊಡೆ ಹಿಡಿಯಿತು, ಏಳಕ್ಕೆ ಹೊಟ್ಟೆ ತೊಳೆಸಿತು. ಸಿಕ್ಕ ಸಿಕ್ಕ ಕಡೆಯಲ್ಲೆಲ್ಲ ನೀರು ಕುಡಿದೆ. ಕೊನೆಕೊನೆಗೆ ಬೆರಳು ಊದಿ ಮದುವೆಯ ಉಂಗುರ ಅಲುಗಾಡದಂತಾಯಿತು. ಊರಿನಲ್ಲಿ ಎರಡು ಗಂಟೆ ಹತ್ತು ನಿಮಿಷದಲ್ಲಿ ಓಡುವ ದೂರಕ್ಕೆ ಮೂರೂಕಾಲು ಗಂಟೆ ತಗುಲಿತು.

ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅದರಲ್ಲೇ ಲಾರಿಯಿಂದ ಚೀಲ ಇಳಿಸಿಕೊಂಡು ಬೆಳೆದವನು ನಾನು. ಗೋವೆಯಲ್ಲಿ ಅಂದು 32ರ ಆಸುಪಾಸು. ಹಾಗಾದರೆ ತಪ್ಪಿದ್ದೆಲ್ಲಿ? ‘ಇನ್ನೂ ಅಭ್ಯಾಸ ಮಾಡಿ’ ಎಂಬ ಉತ್ತರ ದಯವಿಟ್ಟು ಬೇಡ. ಅದನ್ನು ನನ್ನ ತಮ್ಮನೂ ಹೇಳಿದ್ದಾನೆ, ಅವನು ಓಣಿಯ ತುದಿಯ ಪಾನಂಗಡಿಗೂ ಮೋಟಾರ್‌ಸೈಕಲ್ ತೆಗೆಯುವವನು. ಇನ್ನೊಂದು ಪ್ರಶ್ನೆ: ಮುಂದಿನ ವರ್ಷ ಪೂರ್ಣ ದೂರಕ್ಕೆ, ಅಂದರೆ 3.8 ಕಿ.ಮೀ. ಈಜು, 180 ಸೈಕಲ್, 42.2 ಓಟಕ್ಕೆ ಹೆಸರು ಕೊಡಲೇ?

ನವನಗರದ ವೈದ್ಯೆ, ಬಾಗಲಕೋಟೆ:

ಸಾಹುಕಾರರೇ, ಮನೆಯ ಮಣ್ಣಿನ ಗಡಿಗೆಯನ್ನು ನೆನಪಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಅದರ ನೀರು ತಣ್ಣಗಿರುತ್ತದೆ. ಮಳೆ ಹಿಡಿದ ಶ್ರಾವಣದಲ್ಲಿ ಅಷ್ಟು ತಣ್ಣಗಾಗುವುದಿಲ್ಲ. ಗಡಿಗೆ ಅದೇ, ಜಿನುಗುವುದೂ ಅದೇ. ಜಿನುಗಿದ ನೀರು ಆರಿದರೆ ಮಾತ್ರ ತಂಪು. ನಮ್ಮ ಒಣ ಹವೆಯಲ್ಲಿ ಬೆವರು ಕಾಣುವ ಮೊದಲೇ ಆರಿ ಮೈಯ ಕಾವನ್ನು ಒಯ್ಯುತ್ತದೆ. ಕಡಲ ದಂಡೆಯ ತೇವದ ಗಾಳಿಯಲ್ಲಿ ಅದು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ಕಾವು ಅಲ್ಲೇ ಉಳಿಯಿತು. ನೀವು 40 ಡಿಗ್ರಿಯ ಲೆಕ್ಕ ಹಾಕಿಕೊಂಡು ಹೋದಿರಿ, ತೇವಾಂಶದ ಲೆಕ್ಕ ಹಾಕಲಿಲ್ಲ.

ನನ್ನನ್ನು ಹೆಚ್ಚು ಹೆದರಿಸಿದ್ದು ಉಂಗುರ. ಬೆರಳು ಊದುವುದಕ್ಕೆ ಬೇರೆ ಕಾರಣಗಳೂ ಇವೆ, ಅದೊಂದರಿಂದಲೇ ರೋಗ ಹೇಳಲಾಗದು. ಆದರೆ ಹೊಟ್ಟೆ ತೊಳೆಸುವುದು, ಬರಿಯ ನೀರನ್ನೇ ಕುಡಿದದ್ದು ಎರಡನ್ನೂ ಸೇರಿಸಿದರೆ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿದಿತ್ತೇ ಎಂಬ ಅನುಮಾನ ಬರುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು. ಓಡುತ್ತಲೇ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಅದು ಹೆಚ್ಚು. ಉಪ್ಪಿನ ಮಾತ್ರೆ ನುಂಗಿ ಬೇಕಾದಷ್ಟು ನೀರು ಕುಡಿಯಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಯಾರಿದಾಗ ಕುಡಿಯಿರಿ. ಓಟದ ಕೊನೆಗೆ ತಲೆನೋವು, ವಾಂತಿ, ಮಾತಿನಲ್ಲಿ ಗೊಂದಲ ಬಂದರೆ ನೀರು ಕೊಡದೆ ಆಸ್ಪತ್ರೆಗೆ ಒಯ್ಯಬೇಕು.

ಕರದಂಟು, ಹೆಸರೇ ಹೇಳುವಂತೆ, ಕರಿದ ಅಂಟು. ಜೊತೆಗೆ ಕೊಬ್ಬರಿ, ಬಾದಾಮಿ, ತುಪ್ಪ. ಬಾಣಂತಿಗೆ ಒಳ್ಳೆಯದು. ಸೈಕಲ್ ತುಳಿಯುವವನ ಹೊಟ್ಟೆಯಿಂದ ಆ ಕೊಬ್ಬು ಬೇಗ ಕೆಳಗಿಳಿಯುವುದಿಲ್ಲ. ನಿಮಗೆ ಗಂಟೆಗೆ ಸುಮಾರು 60 ಗ್ರಾಂ ಶರ್ಕರಪಿಷ್ಟ ಬೇಕಿತ್ತು. ಓಆರ್‌ಎಸ್ ಸಾಕು ಎಂದುಕೊಳ್ಳಬೇಡಿ, ಒಂದು ಲೀಟರಿನ ಪೊಟ್ಟಣದಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ.

ಒಂದು ಕೆಲಸ ಮಾಡಿ. ಮೂರು ಗಂಟೆ ಸೈಕಲ್ ತುಳಿಯುವ ಮೊದಲು ಮತ್ತು ನಂತರ, ಮೈ ಒರೆಸಿಕೊಂಡು ತೂಕ ನೋಡಿ. ಇಳಿದ ತೂಕಕ್ಕೆ ಕುಡಿದದ್ದನ್ನು ಸೇರಿಸಿದರೆ ನಿಮ್ಮ ಬೆವರು. ತೂಕದ ಯಂತ್ರ ನಿಮ್ಮಲ್ಲಿ ಇಲ್ಲವೆಂದು ಹೇಳಬೇಡಿ!

ಹಳೇ ಸೈಕಲ್, ವಿಜಯಪುರ:

ಡಾಕ್ಟರಕ್ಕ ಹೇಳಿದ್ದು ನಿಜ. ಆದರೆ ಅದಕ್ಕೂ ಮೊದಲು ಸೈಕಲ್‌ ಮೇಲೆಯೇ ಕೆಟ್ಟಿದೆ. ಮೊದಲ 60ರಲ್ಲಿ ನಿಮ್ಮ ವೇಗ ಗಂಟೆಗೆ 26.7 ಕಿ.ಮೀ., ಕೊನೆಯ 30ರಲ್ಲಿ 21. ದಾಸ್ತಾನು ಬೆಳಿಗ್ಗೆಯೇ ಮಾರಿ ಸಂಜೆಯ ಗಿರಾಕಿಗೆ ಕೈ ಆಡಿಸಿದಂತೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು, ಆದ್ದರಿಂದ ಎರಡು ಕಿಲೋಮೀಟರ್ ವೇಗ ಹೆಚ್ಚಿಸಿದ್ದಕ್ಕೆ ಕಾಲು ತೆತ್ತ ಬೆಲೆ ನಿಮಗೆ ಆಗ ಗೊತ್ತಾಗುವುದಿಲ್ಲ. ಕೊಲ್ಹಾರದ ರಸ್ತೆಯಲ್ಲಿ ಎದುರುಗಾಳಿ ಇರುವ ದಿನವೇ ಹೋಗಿ, ಗಂಟೆಗೆ 23, 24ರಲ್ಲಿ ತಡೆದುಕೊಂಡು ತುಳಿಯುವುದನ್ನು ಕಲಿಯಿರಿ. ಮನೆಗೆ ಬಂದು ಸೈಕಲ್ ಗೋಡೆಗೆ ಒರಗಿಸಿದ ಐದು ನಿಮಿಷದಲ್ಲಿ ಓಡಲು ಹೊರಡಿ, ಬರಿಯ ನಾಲ್ಕು ಕಿಲೋಮೀಟರ್ ಸಾಕು. ಕೊಲ್ಹಾರದ ಮೊಸರಿನ ಗಡಿಗೆ ಹಿಡಿದುಕೊಂಡು ಬಂದರೆ ಮನೆಯವರೂ ಬೈಯುವುದಿಲ್ಲ.

ಪೂರ್ಣ ದೂರ ಈಗ ಬೇಡ. ಇನ್ನೊಂದು ಅರ್ಧ ದೂರವನ್ನು ಕೊನೆಯವರೆಗೆ ಓಡಿ ಮುಗಿಸಿ.

ಟಿಳಕವಾಡಿಯ ಈಜುಗಾರ, ಬೆಳಗಾವಿ:

ನನಗೆ ಹಾಗೆ ಅನ್ನಿಸುವುದಿಲ್ಲ, ಹೆಸರು ಕೊಡಿ. 1978ರಲ್ಲಿ ಹವಾಯಿಯಲ್ಲಿ ಮೊದಲ ಸಲ ಈ ಪೂರ್ಣ ದೂರಕ್ಕೆ ಇಳಿದವರು 15 ಮಂದಿ, ಮುಗಿಸಿದವರು 12. ಎರಡನೆಯವನಾಗಿ ಬಂದವನಿಗೆ ಜೊತೆಗಾರರ ಬಳಿ ನೀರು ಮುಗಿದು ಬಿಯರ್ ಕೊಟ್ಟಿದ್ದರು. ಅವರೂ ಎಲ್ಲ ಕಲಿತ ಮೇಲೆ ಹೊರಟವರಲ್ಲ.

ಈಜಿನ ಬಗ್ಗೆ: ಈಜುಕೊಳದಲ್ಲಿ ಯಾರೂ ಇಲ್ಲದ ಲೇನ್‌ನಲ್ಲಿ ಕಣ್ಣು ಮುಚ್ಚಿ ಹತ್ತು ಸಲ ಕೈ ಬೀಸಿ. ಯಾವ ಕಡೆಗೆ ವಾಲುತ್ತೀರಿ ಎಂಬುದು ಗೊತ್ತಾಗುತ್ತದೆ. ಬೋಯಾ ಎಡಕ್ಕೆ ಸರಿಯಿತು ಎಂದರೆ ನೀವು ಬಲಕ್ಕೆ ಹೋದಿರಿ ಎಂದರ್ಥ. ಕಡಲಿನಲ್ಲಿ ಎಂಟು ಸಲ ಕೈ ಬೀಸಿದ ಮೇಲೆ ಒಮ್ಮೆ, ಕಣ್ಣಷ್ಟೇ ನೀರಿನ ಮೇಲೆ ಬರುವಂತೆ ಎತ್ತಿ ನೋಡಿ. ಪೂರ್ತಿ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ. ಅಭ್ಯಾಸಕ್ಕೆಂದು ಆಲಮಟ್ಟಿಯ ಹಿನ್ನೀರಿಗೆ ಒಬ್ಬರೇ ಇಳಿಯಬೇಡಿ, ಕೃಷ್ಣೆಯಲ್ಲಿ ಮೊಸಳೆಗಳಿವೆ.

ಜೋಳದಂಗಡಿ, ವಿಜಯಪುರ:

ಎಲ್ಲರಿಗೂ ಧನ್ಯವಾದ. ಡಾಕ್ಟರೇ, ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಚೀಲ ತೂಗುವ ಯಂತ್ರದ ಮೇಲೆ ನಿಂತೆ. ಹೋಗುವಾಗ 78.4 ಕಿಲೋ, ಬಂದಾಗ 76.9. ನಡುವೆ ಕುಡಿದದ್ದು ಒಂದೂವರೆ ಲೀಟರ್. ಮೂರು ಗಂಟೆಗೆ ಮೂರು ಲೀಟರ್ ಬೆವರು, ಅದೂ ಬೆಳಗಿನ ತಂಪಿನಲ್ಲಿ. ಹಮಾಲರಲ್ಲಿ ಒಬ್ಬರು ನೋಡಿ, ‘ಸಾಹುಕಾರರೇ, ಒಂದೂವರೆ ಕಿಲೋ ಸೂಟು ಬಂತು’ ಎಂದರು. ಮಾಲಿನ ತೂಕದಲ್ಲಿ ಕಳೆದುಹೋದದ್ದಕ್ಕೆ ನಾವು ಸೂಟು ಎನ್ನುತ್ತೇವೆ.

ಕರದಂಟನ್ನು ಮಕ್ಕಳು ತಿಂದು ಮುಗಿಸಿದರು. ಈಗ ಗಂಟೆಗೆ ಎರಡು ಬಾಳೆಹಣ್ಣು ಮತ್ತು ಬೆಲ್ಲದ ನೀರು, ಚಿಟಿಕೆ ಉಪ್ಪು ಹಾಕಿ. ನಾಲ್ಕು ಕಿಲೋಮೀಟರ್ ಓಟದಲ್ಲಿ ಹೊಟ್ಟೆ ಸುಮ್ಮನಿತ್ತು. ಪೂರ್ಣ ದೂರದ ಮಾತು ಎತ್ತಿದಾಗ ನನ್ನ ಹೆಂಡತಿ, ಸುಗ್ಗಿಯ ತಿಂಗಳಲ್ಲಿ ಬರದಿದ್ದರೆ ನೋಡೋಣ ಎಂದಿದ್ದಾಳೆ. ಗೋವೆಯಿಂದ ಮರಳುವಾಗ ಚೋರ್ಲಾ ಘಾಟಿಯಲ್ಲಿ ಉಂಗುರ ತಾನಾಗಿಯೇ ಸಡಿಲವಾಗಿತ್ತು ಎಂಬುದನ್ನು ಅವಳೇ ನಿಮಗೆ ತಿಳಿಸಲು ಹೇಳಿದಳು.